ಕೆಲಸದ ಹುಡುಗನ ಪತ್ರದಿಂದ 2,509 ಲೈಬ್ರರಿಗಳವರೆಗೆ

ಇವತ್ತಿನ ಕಥೆ ಶುರುವಾಗೋದು ಎರಡು ಡಾಲರ್‌ಗಾಗಿ ನಡೆದ ಒಂದು ಜಗಳದಿಂದ.

1853ನೇ ಇಸವಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ. ಪಿಟ್ಸ್‌ಬರ್ಗ್ ನಗರದಿಂದ ನದಿ ದಾಟಿದರೆ ಅಲೆಘೆನಿ ಅನ್ನೋ ಊರು. ಅಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಅಂತ ಒಬ್ಬ ಹಿರಿಯರಿದ್ದರು. ತಮ್ಮ ಹತ್ತಿರ ಇದ್ದ ಸುಮಾರು 400 ಪುಸ್ತಕಗಳನ್ನ ದುಡಿಯೋ ಹುಡುಗರಿಗೆ ಅಂತ ತೆರೆದಿಟ್ಟಿದ್ದರು. ಶನಿವಾರ ಹೋಗಿ ಒಂದು ಪುಸ್ತಕ ತಗೋಬೇಕು, ಮುಂದಿನ ಶನಿವಾರ ಅದನ್ನ ಕೊಟ್ಟು ಇನ್ನೊಂದು ತಗೋಬೇಕು. ದುಡ್ಡು ಕೊಡಬೇಕಾಗಿರಲಿಲ್ಲ.

ಆಮೇಲೆ ಆ ಲೈಬ್ರರಿ ದೊಡ್ಡದಾಯ್ತು. ದೊಡ್ಡದಾದ ಮೇಲೆ ಗೊತ್ತಲ್ಲ, ರೂಲ್ಸ್ ಬಂತು. ಕರಾರು ಮಾಡಿಕೊಂಡು ಒಂದು ಕಸುಬು ಕಲಿಯೋಕೆ ಸೇರಿದ ಹುಡುಗರಿಗೆ ಮಾತ್ರ ಉಚಿತ. ಬಡಗಿ, ಕಮ್ಮಾರ ಅಂಥವರ ಹತ್ತಿರ ಕೆಲಸ ಕಲೀತಾ ಇರೋರು ಅಂತ ಇಟ್ಕೊಳ್ಳಿ. ಉಳಿದವರು ವರ್ಷಕ್ಕೆ 2 ಡಾಲರ್ ಕಟ್ಟಬೇಕು.

ಟೆಲಿಗ್ರಾಫ್ ಕಚೇರಿಯಲ್ಲಿ ತಂತಿ ಸುದ್ದಿ ಹೊತ್ತು ಓಡಾಡಿ ಬೆಳೆದ 17 ವರ್ಷದ ಒಬ್ಬ ಹುಡುಗನಿಗೆ ಇದು ಸಹಿಸೋಕೆ ಆಗಲಿಲ್ಲ. ಅವನು ನೇರವಾಗಿ 'ಪಿಟ್ಸ್‌ಬರ್ಗ್ ಡಿಸ್ಪ್ಯಾಚ್' ಪತ್ರಿಕೆಗೆ ಒಂದು ಪತ್ರ ಬರೆದ. ಕೆಳಗೆ ಹೆಸರು ಹಾಕಲಿಲ್ಲ. 'ಒಬ್ಬ ಕೆಲಸದ ಹುಡುಗ' ಅಂತ ಸಹಿ ಮಾಡಿದ. ಅವನ ವಾದ ಸರಳ: ಕೈಕಸುಬು ಕಲಿಯೋನು ಮಾತ್ರ ದುಡಿಯೋನಾ? ನಾವೂ ದುಡೀತೀವಿ, ನಮ್ಮನ್ನ ಯಾಕೆ ಹೊರಗಿಡ್ತೀರಿ?

ಲೈಬ್ರರಿಯವರು ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಹುಡುಗ ಬಿಡಲಿಲ್ಲ, ಮತ್ತೆ ಬರೆದ. ಕೊನೆಗೆ ನಿಯಮ ಬದಲಾಯ್ತು, ಬಾಗಿಲು ತೆರೀತು.

ಆ ಹುಡುಗನ ಹೆಸರು ಆಂಡ್ರ್ಯೂ ಕಾರ್ನೆಗಿ. ಮುಂದೆ ಉಕ್ಕಿನ ಉದ್ಯಮದ ದೊರೆ ಆದ. ತನ್ನ ಹಣದಲ್ಲಿ ಜಗತ್ತಿನ ಬೇರೆ ಬೇರೆ ಕಡೆ 2,509 ಲೈಬ್ರರಿ ಕಟ್ಟಡಗಳನ್ನ ಕಟ್ಟಿಸಿದ. ಇವತ್ತು ಅವರ ಕಥೆಯನ್ನ ಪತ್ರಗಳ ಮೂಲಕ ನೋಡೋಣ. ಅವರು ಬರೆದದ್ದು, ಅವರಿಗೆ ಬಂದದ್ದು, ಅವರ ಪರವಾಗಿ ಹೋದದ್ದು. 17ನೇ ವಯಸ್ಸಿನಲ್ಲಿ ಆ ಹುಡುಗ ಕೇಳಿದ ಪ್ರಶ್ನೆಯನ್ನ ಮಾತ್ರ ಮರೀಬೇಡಿ: ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ?

ನೇಕಾರನ ಮಗ

ಕಾರ್ನೆಗಿ ಹುಟ್ಟಿದ್ದು 1835ರಲ್ಲಿ, ಸ್ಕಾಟ್ಲೆಂಡ್‌ನ ಡನ್‌ಫರ್ಮ್‌ಲಿನ್ ಊರಲ್ಲಿ. ಅಪ್ಪ ಕೈಮಗ್ಗದ ನೇಕಾರ. ಆ ಊರಿನ ನೇಕಾರರು ಕೆಲವರು ತಮ್ಮ ಹತ್ತಿರ ಇದ್ದ ನಾಲ್ಕಾರು ಪುಸ್ತಕಗಳನ್ನ ಒಟ್ಟುಹಾಕಿ ಒಂದು ಪುಟ್ಟ ಲೈಬ್ರರಿ ಮಾಡಿಕೊಂಡಿದ್ದರು. ಅವರಲ್ಲಿ ನಮ್ಮಪ್ಪನೂ ಒಬ್ಬರು ಅಂತ ಕಾರ್ನೆಗಿ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ.

ಆಮೇಲೆ ಉಗಿಯಂತ್ರದ ಮಗ್ಗ ಬಂತು, ಕೈಮಗ್ಗ ನಿಂತುಹೋಯ್ತು. ನಮ್ಮ ನೇಕಾರರ ಊರುಗಳ ಕಥೆ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1848ರಲ್ಲಿ ಮನೆಯವರೆಲ್ಲ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಹುಡುಗನಿಗೆ ಹತ್ತಿ ಗಿರಣಿಯಲ್ಲಿ ನೂಲಿನ ಉರುಳೆ ಬದಲಿಸೋ ಕೆಲಸ ಸಿಕ್ತು. ವಾರಕ್ಕೆ 1 ಡಾಲರ್ 20 ಸೆಂಟ್. ಈಗ ಆ 2 ಡಾಲರ್ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ. ಅವನ ಮೊದಲ ಕೆಲಸದ ಒಂದೂವರೆ ವಾರದ ಕೂಲಿಗಿಂತ ಜಾಸ್ತಿ!

ತನಗೆ ತಾನೇ ಬರೆದುಕೊಂಡ ಚೀಟಿ

ಮುಂದಿನ ಪತ್ರ 1868ರ ಡಿಸೆಂಬರ್‌ದು. ಇದು ಯಾರಿಗೂ ಕಳಿಸಿದ್ದಲ್ಲ. ನ್ಯೂಯಾರ್ಕ್‌ನ ಒಂದು ಹೋಟೆಲ್ ರೂಮಿನಲ್ಲಿ ಕೂತು ತನಗೆ ತಾನೇ ಬರೆದುಕೊಂಡ ಟಿಪ್ಪಣಿ. ಅಷ್ಟೊತ್ತಿಗೆ ರೈಲು, ಸೇತುವೆ, ಷೇರು ಅಂತ ಕೈ ಹಾಕಿ ಅವರು ಸಾಕಷ್ಟು ದುಡ್ಡು ಮಾಡಿದ್ದರು. ವಯಸ್ಸು 33, ವರ್ಷದ ಆದಾಯ 50,000 ಡಾಲರ್.

ಆ ಚೀಟಿಯ ಸಾರಾಂಶ ಇಷ್ಟು: ಇನ್ನೆರಡು ವರ್ಷದಲ್ಲಿ ವ್ಯಾಪಾರ ಬಿಡಬೇಕು. ಇದಕ್ಕಿಂತ ಹೆಚ್ಚು ದುಡೀಬಾರದು. ಹೆಚ್ಚಾದದ್ದನ್ನ ಒಳ್ಳೆ ಕೆಲಸಕ್ಕೆ ಖರ್ಚು ಮಾಡಬೇಕು. ಬರೀ ದುಡ್ಡಿನ ಹಿಂದೆ ಬಿದ್ದರೆ ನಾನು ಕೀಳಾಗಿ ಹೋಗ್ತೀನಿ, ಮತ್ತೆ ಸರಿಹೋಗೋಕೆ ಆಗದಷ್ಟು.

ನಾವೆಲ್ಲ ಜನವರಿ ಒಂದನೇ ತಾರೀಖು ಜಿಮ್ ಸೇರ್ತೀವಲ್ಲ, ಹಾಗೇ ಆಯ್ತು ಇದೂ. 35ಕ್ಕೆ ವ್ಯಾಪಾರ ಬಿಡ್ತೀನಿ ಅಂದವರು ಬಿಟ್ಟದ್ದು 65ಕ್ಕೆ. ಆದರೆ ಆ ಚೀಟಿಯ ಇನ್ನೊಂದು ಅರ್ಧವನ್ನ ಮರೀಲಿಲ್ಲ. 1883ರಲ್ಲಿ ಹುಟ್ಟೂರು ಡನ್‌ಫರ್ಮ್‌ಲಿನ್‌ನಲ್ಲಿ ಅವರ ಮೊದಲ ಲೈಬ್ರರಿ ತೆರೀತು. 1889ರಲ್ಲಿ ಅವರ ಉಕ್ಕಿನ ಕಾರ್ಖಾನೆ ಇದ್ದ ಬ್ರಾಡಕ್ ಊರಲ್ಲಿ ಅಮೆರಿಕದ ಮೊದಲನೆಯದು. ಅದರ ನೆಲಮಾಳಿಗೆಯಲ್ಲಿ ಸ್ನಾನದ ಮನೆಗಳಿದ್ದವು. ಕುಲುಮೆ ಮುಂದೆ ಮಸಿ ಮೆತ್ತಿಕೊಂಡು ಬರೋ ಕಾರ್ಮಿಕರು ಮೈ ತೊಳೆದುಕೊಳ್ಳಲಿ ಅಂತ.

ಅದೇ 1889ರಲ್ಲಿ ಅವರು ಸಂಪತ್ತಿನ ಬಗ್ಗೆ ಒಂದು ಪ್ರಬಂಧ ಬರೆದರು. ಗಳಿಸಿದವನು ಬದುಕಿದ್ದಾಗಲೇ ಅದನ್ನ ಸಮಾಜಕ್ಕೆ ಕೊಡಬೇಕು, ಕೂಡಿಟ್ಟುಕೊಂಡೇ ಸಾಯೋದು ಅವಮಾನ ಅನ್ನೋದು ಅದರ ತಿರುಳು. ಕೇಳೋಕೆ ಚೆನ್ನಾಗಿದೆ. ಆದರೆ ಮೂರೇ ವರ್ಷದಲ್ಲಿ ಪರೀಕ್ಷೆ ಬಂತು.

1892: ಒಂದೇ ಪೆನ್ನು, ಮೂರು ಪತ್ರ

ಪಿಟ್ಸ್‌ಬರ್ಗ್ ಹತ್ತಿರ ಹೋಮ್‌ಸ್ಟೆಡ್ ಅಂತ ಊರು. ಅಲ್ಲಿ ಕಾರ್ನೆಗಿ ಅವರ ದೊಡ್ಡ ಉಕ್ಕಿನ ಕಾರ್ಖಾನೆ. 1892ರ ಜೂನ್ ಕೊನೆಗೆ ಕಾರ್ಮಿಕ ಸಂಘದ ಜೊತೆಗಿನ ಒಪ್ಪಂದ ಮುಗೀಬೇಕಿತ್ತು. ಕಂಪನಿಗೆ ಕೂಲಿ ದರ ಇಳಿಸಬೇಕಿತ್ತು, ಸಂಘವನ್ನೇ ಇಲ್ಲದ ಹಾಗೆ ಮಾಡಬೇಕಿತ್ತು. ಆಡಳಿತ ನೋಡ್ಕೊಳ್ತಾ ಇದ್ದದ್ದು ಹೆನ್ರಿ ಫ್ರಿಕ್. ಕಾರ್ನೆಗಿ ಪ್ರತಿ ಬೇಸಿಗೆಯ ಹಾಗೆ ಬ್ರಿಟನ್‌ಗೆ ಹೋಗಿದ್ದರು.

ಮೊದಲ ಪತ್ರ: ಮೇ ತಿಂಗಳಲ್ಲಿ ಫ್ರಿಕ್‌ಗೆ. ನೀವು ಏನು ಮಾಡಿದರೂ ನಮ್ಮ ಒಪ್ಪಿಗೆ ಇದೆ, ಜಗಳಕ್ಕೆ ನಿಂತರೂ ಕೊನೇವರೆಗೂ ನಿಮ್ಮ ಜೊತೆ ಇರ್ತೀವಿ ಅಂತ ಬರೀತಾರೆ. ನೆನಪಿಡಿ, ಕೇವಲ ಆರು ವರ್ಷ ಮುಂಚೆ ಇದೇ ಕಾರ್ನೆಗಿ ಕಾರ್ಮಿಕರಿಗೆ ಸಂಘ ಕಟ್ಟೋ ಹಕ್ಕಿದೆ, ಮುಷ್ಕರ ಮಾಡಿದವರ ಕೆಲಸವನ್ನ ಬೇರೆಯವರು ಕಸಿಯಬಾರದು ಅಂತ ಪತ್ರಿಕೆಯಲ್ಲಿ ಬರೆದಿದ್ದರು!

ಫ್ರಿಕ್ ಕಾರ್ಖಾನೆಗೆ ಬೀಗ ಹಾಕಿದರು. ಜುಲೈ 6ರ ಬೆಳಗಿನ ಜಾವ ಪಿಂಕರ್ಟನ್ ಅನ್ನೋ ಖಾಸಗಿ ಭದ್ರತಾ ಸಂಸ್ಥೆಯ 300 ಜನ ಬಂದೂಕುಧಾರಿಗಳು ನದಿ ಮೇಲೆ ದೋಣಿಯಲ್ಲಿ ಬಂದರು. ದಡದಲ್ಲಿ ಕಾರ್ಮಿಕರು, ಅವರ ಹೆಂಡತಿ ಮಕ್ಕಳು. ಇಡೀ ದಿನ ಗುಂಡಿನ ಚಕಮಕಿ. ಎರಡೂ ಕಡೆ ಸೇರಿ ಕನಿಷ್ಠ 10 ಜನ ಸತ್ತರು. ಆಮೇಲೆ ರಾಜ್ಯದ ಸೈನ್ಯ ಬಂತು. ನವೆಂಬರ್ ಹೊತ್ತಿಗೆ ಮುಷ್ಕರ ಮುರಿದುಬಿತ್ತು, ಸಂಘವೂ ಹೋಯ್ತು.

ಎರಡನೇ ಪತ್ರ: ಅದೇ ಜುಲೈನಲ್ಲಿ, ಸಂಬಂಧಿ ಜಾರ್ಜ್ ಲಾಡರ್‌ಗೆ. ದೋಣಿಯಲ್ಲಿ ಕಾವಲುಗಾರರನ್ನ ಕಳಿಸಿದ್ದು ದೊಡ್ಡ ಎಡವಟ್ಟು ಅಂತ ಬೈತಾರೆ. ಆದರೂ ನಾವು ಬಾಯಿ ಮುಚ್ಚಿಕೊಂಡು ಫ್ರಿಕ್ ಪರ ನಿಲ್ಲಬೇಕು ಅಂತಾರೆ.

ಮೂರನೇ ಪತ್ರ: ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪ್ರಧಾನಿ ಗ್ಲ್ಯಾಡ್‌ಸ್ಟನ್‌ಗೆ. ಇಲ್ಲಿ ದನಿಯೇ ಬೇರೆ. ಒಂದು ಹನಿ ರಕ್ತಕ್ಕೂ ಆ ಕಾರ್ಖಾನೆ ಸಮವಲ್ಲ, ಅದು ಮುಳುಗಿಹೋಗಿದ್ದರೂ ಚೆನ್ನಾಗಿತ್ತು ಅಂತ ನೊಂದು ಬರೀತಾರೆ.

ಇದರಲ್ಲಿ ಯಾವುದು ನಿಜವಾದ ಕಾರ್ನೆಗಿ? ನನಗನ್ನಿಸೋದು, ಮೂರೂ ನಿಜ. ಮ್ಯಾನೇಜರ್‌ಗೆ ಬರೆಯುವಾಗ ಮಾಲೀಕ, ಸಂಬಂಧಿಕನಿಗೆ ಬರೆಯುವಾಗ ಲೆಕ್ಕಾಚಾರದ ಮನುಷ್ಯ, ಪ್ರಧಾನಿಗೆ ಬರೆಯುವಾಗ ನೊಂದ ಆತ್ಮ. ಆದರೆ ಒಂದು ಪತ್ರ ಮಾತ್ರ ಬರೀಲಿಲ್ಲ. ಬೇಡ, ನಿಲ್ಲಿಸಿ ಅಂತ ಫ್ರಿಕ್‌ಗೆ ಬರೀಬೇಕಾಗಿದ್ದ ಪತ್ರ.

1898ರಲ್ಲಿ ಅದೇ ಹೋಮ್‌ಸ್ಟೆಡ್‌ನಲ್ಲಿ ದೊಡ್ಡ ಲೈಬ್ರರಿ ಎದ್ದಿತು. ಜೊತೆಗೆ ಸಂಗೀತ ಸಭಾಂಗಣ, ಈಜುಕೊಳ. ಈಗ ಯೋಚನೆ ಮಾಡಿ. ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆ ದುಡಿತ. ಹಗಲು ರಾತ್ರಿ ಪಾಳಿ ಬದಲಾಗೋ ಭಾನುವಾರ ಒಂದೇ ಸಮ 24 ಗಂಟೆ. ಬಾಗಿಲು ತೆರೆದೇ ಇತ್ತು. ಆದರೆ ಒಳಗೆ ಹೋಗಿ ಪುಸ್ತಕ ಹಿಡಿಯೋಕೆ ಆ ಮನುಷ್ಯನಿಗೆ ಎಚ್ಚರ ಇರಬೇಕಲ್ಲ?

ಲೈಬ್ರರಿ ಬೇಕಾ? ಮೊದಲು ಈ ಫಾರಂ ತುಂಬಿ

1901ರಲ್ಲಿ ಕಾರ್ನೆಗಿ ತಮ್ಮ ಕಂಪನಿಯನ್ನ ಜೆ. ಪಿ. ಮಾರ್ಗನ್‌ಗೆ ಮಾರಿದರು. ಬೆಲೆ 480 ಮಿಲಿಯನ್ ಡಾಲರ್. ಅದೇ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ನಿರ್ದೇಶಕರಿಗೆ ಒಂದು ಪತ್ರ ಹೋಯ್ತು: ನಗರಕ್ಕೆ 65 ಶಾಖೆ ಬೇಕು ಅಂದಿರಲ್ಲ, 5.2 ಮಿಲಿಯನ್ ಡಾಲರ್ ನಾನು ಕೊಡ್ತೀನಿ. ಜಾಗ ಮತ್ತು ಮುಂದಿನ ಖರ್ಚು ನಗರದ್ದು.

ಆಮೇಲೆ ಪತ್ರಗಳ ಮಳೆ. ದಿನಕ್ಕೆ ನೂರಾರು. ಊರಿನ ಮೇಯರ್, ಶಾಲೆ ಮೇಷ್ಟ್ರು, ಮಹಿಳಾ ಸಂಘದವರು, ಚರ್ಚ್‌ನವರು, ಎಲ್ಲರೂ ಬರೆಯೋರೇ. ಇವನ್ನೆಲ್ಲ ನಿಭಾಯಿಸ್ತಾ ಇದ್ದದ್ದು ಕಾರ್ನೆಗಿ ಅವರ ಕಾರ್ಯದರ್ಶಿ ಜೇಮ್ಸ್ ಬರ್ಟ್ರಮ್. ಅವರೂ ಸ್ಕಾಟ್ಲೆಂಡ್‌ನವರೇ. ಮಾತು ಕಡಿಮೆ, ಹೊಗಳಿಕೆ ಅಂದರೆ ಆಗದು. ನಮ್ಮೂರು ಎಷ್ಟು ಸುಂದರ ಅಂತ ನೀವು ನಾಲ್ಕು ಪುಟ ಬರೆದರೆ, ಅವರಿಂದ ಬರೋದು ಒಂದು ಫಾರಂ. ಜನಸಂಖ್ಯೆ ಎಷ್ಟು? ಈಗ ಲೈಬ್ರರಿ ಇದೆಯಾ? ಜಾಗ ಇದೆಯಾ? ವರ್ಷಕ್ಕೆ ತೆರಿಗೆ ಹಣದಿಂದ ಎಷ್ಟು ಕೊಡ್ತೀರಿ?

ಆ ಕೊನೇ ಪ್ರಶ್ನೆಯೇ ಇಡೀ ಯೋಜನೆಯ ಜೀವ. ಕಾರ್ನೆಗಿ ಕೊಡ್ತಾ ಇದ್ದದ್ದು ಕಟ್ಟಡಕ್ಕೆ ಮಾತ್ರ. ಪುಸ್ತಕ, ಸಿಬ್ಬಂದಿ ಸಂಬಳ, ಸುಣ್ಣ ಬಣ್ಣ ಎಲ್ಲ ಊರಿನವರದು. ಕೊಟ್ಟ ಹಣದ ಶೇಕಡಾ 10ರಷ್ಟನ್ನ ಪ್ರತಿವರ್ಷ ಊರಿನ ಆಡಳಿತ ಖರ್ಚು ಮಾಡ್ತೀನಿ ಅಂತ ಬರೆದು ಕೊಡಬೇಕು. 10,000 ಡಾಲರ್ ತಗೊಂಡರೆ ವರ್ಷಕ್ಕೆ 1,000 ಡಾಲರ್. ಹೀಗೆ ಮಾಡಿದರೆ ಅದು ಸಾಹುಕಾರನ ದಾನವಾಗಿ ಉಳಿಯಲ್ಲ, ಊರಿನ ಸ್ವಂತ ಜವಾಬ್ದಾರಿ ಆಗುತ್ತೆ ಅನ್ನೋದು ಲೆಕ್ಕ.

ಇನ್ನೊಂದು ತಮಾಷೆ. ಇಂಗ್ಲಿಷ್ ಸ್ಪೆಲ್ಲಿಂಗ್ ಸರಳ ಆಗಬೇಕು ಅನ್ನೋ ಚಳವಳಿಗೆ ಕಾರ್ನೆಗಿ ದುಡ್ಡು ಕೊಡ್ತಾ ಇದ್ದರು. ಹಾಗಾಗಿ ಬರ್ಟ್ರಮ್ ಪತ್ರಗಳಲ್ಲೂ ಅದೇ ಸ್ಪೆಲ್ಲಿಂಗ್. 1911ರಲ್ಲಿ ಲೈಬ್ರರಿ ಕಟ್ಟೋದು ಹೇಗೆ ಅಂತ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದರು. ಅದರ ಶೀರ್ಷಿಕೆಯಲ್ಲೇ 'ಬಿಲ್ಡಿಂಗ್ಸ್' ಪದದಲ್ಲಿ ಯು ಅಕ್ಷರ ಇಲ್ಲ. ನಿಮ್ಮ ವಾಟ್ಸಾಪ್ ಸ್ಪೆಲ್ಲಿಂಗ್ ನೋಡಿ ಯಾರಾದರೂ ಬೈದರೆ ಈ ಉದಾಹರಣೆ ಕೊಡಿ.

ಇಟ್ಟಿಗೆ ನಾವೇ ಸುಡ್ತೀವಿ

ಬಂದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 1900ರ ಡಿಸೆಂಬರ್ 15ರದ್ದು. ಬರೆದವರು ಬುಕರ್ ಟಿ. ವಾಷಿಂಗ್ಟನ್. ಗುಲಾಮಗಿರಿಯಲ್ಲಿ ಹುಟ್ಟಿದವರು, ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಕಪ್ಪು ಜನರ ಮಕ್ಕಳಿಗಾಗಿ ಶಾಲೆ ಕಟ್ಟಿದವರು. ಹತ್ತು ವರ್ಷ ಮುಂಚೆ ಒಮ್ಮೆ ಕಾರ್ನೆಗಿಯನ್ನ ನೋಡೋಕೆ ಹೋಗಿದ್ದರು, ಆಗ ಅವರು ಅಷ್ಟೇನೂ ಆಸಕ್ತಿ ತೋರಿಸಿರಲಿಲ್ಲ.

ಈ ಪತ್ರದಲ್ಲಿ ಅಳು ಇಲ್ಲ, ಬೇಡಿಕೊಳ್ಳೋದಿಲ್ಲ. ಲೆಕ್ಕ ಇದೆ. ನಮ್ಮಲ್ಲಿ 1,100 ವಿದ್ಯಾರ್ಥಿಗಳು, 86 ಸಿಬ್ಬಂದಿ. 12,000ಕ್ಕೂ ಹೆಚ್ಚು ಪುಸ್ತಕ ಇದೆ, ಇಡೋಕೆ ಜಾಗ ಇಲ್ಲ. ಕಟ್ಟಡಕ್ಕೆ 20,000 ಡಾಲರ್ ಸಾಕು. ಇಟ್ಟಿಗೆ ಸುಡೋದು, ಗೋಡೆ ಕಟ್ಟೋದು, ಮರಗೆಲಸ, ಕಮ್ಮಾರಿಕೆ ಎಲ್ಲ ನಮ್ಮ ವಿದ್ಯಾರ್ಥಿಗಳೇ ಮಾಡ್ತಾರೆ. ಕಾರ್ನೆಗಿ ಉತ್ತರ ಚುಟುಕು: 20,000 ಡಾಲರ್‌ವರೆಗೆ ಬಿಲ್ ಬಂದ ಹಾಗೆ ಸಂತೋಷವಾಗಿ ಕಟ್ತೀನಿ.

1903ರಲ್ಲಿ ಕಾರ್ನೆಗಿ ಅದೇ ಶಾಲೆಗೆ 6 ಲಕ್ಷ ಡಾಲರ್ ಮೌಲ್ಯದ ಬಾಂಡ್ ಕೊಟ್ಟರು. ಅದರಲ್ಲಿ ಒಂದೂವರೆ ಲಕ್ಷದ ಆದಾಯ ವಾಷಿಂಗ್ಟನ್ ದಂಪತಿಗೆ ಸೇರಬೇಕು ಅಂತ ಪತ್ರದಲ್ಲಿ ಬರೆದಿದ್ದರು. ವಾಷಿಂಗ್ಟನ್ ಬಂದು, ನನ್ನ ಹೆಸರಿನ ಮುಂದೆ ಆ ಮೊತ್ತ ಬೇಡ, ದಯವಿಟ್ಟು ತೆಗೀರಿ ಅಂದರು. ಕಾರ್ನೆಗಿ ಪತ್ರ ತಿದ್ದಿ ಬರೆದರು. ಆಮೇಲೆ ಈ ಪ್ರಸಂಗವನ್ನ ಗೌರವದಿಂದ ದಾಖಲಿಸಿದ್ದಾರೆ.

ಆದರೆ ಇದೇ ಹೊತ್ತಲ್ಲಿ ಪಕ್ಕದ ಜಾರ್ಜಿಯಾ ರಾಜ್ಯದಲ್ಲಿ ಏನಾಯ್ತು ನೋಡಿ. 1902ರಲ್ಲಿ ಅಟ್ಲಾಂಟಾ ನಗರದಲ್ಲಿ ಕಾರ್ನೆಗಿ ಲೈಬ್ರರಿ ತೆರೀತು. ಹೆಸರು ಸಾರ್ವಜನಿಕ, ನಡೆಯೋದು ಸಾರ್ವಜನಿಕ ಹಣದಲ್ಲಿ. ಒಳಗೆ ಬಿಳಿಯರಿಗೆ ಮಾತ್ರ ಪ್ರವೇಶ. ದೊಡ್ಡ ವಿದ್ವಾಂಸ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಕೆಲವರನ್ನ ಕರ್ಕೊಂಡು ಹೋಗಿ ಆಡಳಿತ ಮಂಡಳಿಯನ್ನ ಕೇಳಿದರು: ನಾವೂ ಈ ನಗರದವರಲ್ಲವಾ? ಇಲ್ಲ ಅನ್ನೋ ಉತ್ತರ ಬಂತು. ಕಪ್ಪು ಜನರಿಗೆ ಅಂತ ಒಂದು ಪ್ರತ್ಯೇಕ ಶಾಖೆ ತೆರೆದದ್ದು 1921ರಲ್ಲಿ. ಹತ್ತೊಂಬತ್ತು ವರ್ಷ!

ಗಮನಿಸಿದ್ರಾ? 17ರ ಹುಡುಗ 1853ರಲ್ಲಿ ಕೇಳಿದ್ದೂ ಇದೇ ಪ್ರಶ್ನೆ. ಬರ್ಟ್ರಮ್ ಅವರ ಫಾರಂನಲ್ಲಿ ಜನಸಂಖ್ಯೆ ಎಷ್ಟು ಅಂತ ಕೇಳಿತ್ತು. ಆ ಜನರೆಲ್ಲರಿಗೂ ಬಾಗಿಲು ತೆರೀತೀರಾ ಅನ್ನೋದನ್ನ ಕಾರ್ನೆಗಿ ಊರಿನವರಿಗೇ ಬಿಟ್ಟಿದ್ದರು.

ಮಾರ್ಜಿನ್‌ನಲ್ಲಿ ಬರೆದ ಡೈನೋಸಾರ್

ಮ್ಯೂಸಿಯಂ ಕಥೆ ಹೇಳದೇ ಮುಂದೆ ಹೋದರೆ ತಪ್ಪಾಗುತ್ತೆ. 1898ರ ಕೊನೆಗೆ ಪೇಪರಲ್ಲಿ ಒಂದು ಸುದ್ದಿ ಬಂತು: ಪಶ್ಚಿಮದ ವಯೋಮಿಂಗ್‌ನಲ್ಲಿ ದೈತ್ಯ ಪ್ರಾಣಿಯೊಂದರ ಎಲುಬು ಸಿಕ್ಕಿದೆ. ಕಾರ್ನೆಗಿ ಆ ಸುದ್ದಿಯ ಅಂಚಲ್ಲೇ ನಾಲ್ಕು ಮಾತು ಗೀಚಿ ಪಿಟ್ಸ್‌ಬರ್ಗ್‌ನ ತಮ್ಮ ಮ್ಯೂಸಿಯಂ ನಿರ್ದೇಶಕ ವಿಲಿಯಂ ಹಾಲಂಡ್‌ಗೆ ಕಳಿಸಿದರು. ಇದನ್ನ ನಮ್ಮ ಊರಿಗೆ ಕೊಂಡುಕೊಳ್ಳೋಕೆ ಆಗುತ್ತಾ ನೋಡಿ ಅಂತ. ಖರ್ಚಿಗೆ 10,000 ಡಾಲರ್.

ಪೇಪರಲ್ಲಿ ಬಂದಿದ್ದ ಎಲುಬು ಕೈಗೆ ಬರಲಿಲ್ಲ. ಆದರೆ ಅವರು ಕಳಿಸಿದ ತಂಡಕ್ಕೆ 1899ರ ಜುಲೈನಲ್ಲಿ ಇನ್ನೊಂದು ಸಿಕ್ತು, ಸುಮಾರು 84 ಅಡಿ ಉದ್ದದ್ದು. ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರು ಡಿಪ್ಲೊಡೋಕಸ್ ಕಾರ್ನೆಗಿಯೈ. ಅದರ ಚಿತ್ರ ನೋಡಿದ ಬ್ರಿಟನ್ ರಾಜ ಏಳನೇ ಎಡ್ವರ್ಡ್ ನಮಗೂ ಒಂದು ಬೇಕು ಅಂದರು. ಅಚ್ಚು ತೆಗೆದು ಮಾಡಿದ ಪ್ರತಿರೂಪ 1905ರಲ್ಲಿ ಲಂಡನ್‌ಗೆ ಹೋಯ್ತು. ಆಮೇಲೆ ಬರ್ಲಿನ್, ಪ್ಯಾರಿಸ್ ಹೀಗೆ ಒಂದೊಂದೇ ರಾಜಧಾನಿಗೆ.

ಶಾಲೆಯದ್ದೂ ಪತ್ರದಿಂದಲೇ. 1900ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಮೇಯರ್‌ಗೆ ಬರೆದರು: ದುಡಿಯೋರ ಮಕ್ಕಳು ತಾಂತ್ರಿಕ ವಿದ್ಯೆ ಕಲಿಯೋ ಶಾಲೆ ಮಾಡೋಣ, ಜಾಗ ನೀವು ಕೊಡಿ, ಒಂದು ಮಿಲಿಯನ್ ಡಾಲರ್ ನಿಧಿ ನಾನು ಕೊಡ್ತೀನಿ. ಆ ಶಾಲೆಯೇ ಇವತ್ತಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ. ಕಂಪ್ಯೂಟರ್ ಸೈನ್ಸ್ ಓದ್ತಾ ಇರೋರಿಗೆ ಆ ಹೆಸರು ಚೆನ್ನಾಗೇ ಗೊತ್ತಿರುತ್ತೆ.

ಬೇಡ ಅಂದ ಊರು

ಎಲ್ಲರೂ ಕೈ ಚಾಚಲಿಲ್ಲ. ಸುಮಾರು 225 ಊರುಗಳು ಅರ್ಜಿ ಹಾಕಿ, ಮಾತುಕತೆ ನಡೆಸಿ, ಕೊನೆಗೆ ಕಟ್ಟಡ ಕಟ್ಟಲಿಲ್ಲ. ಕೆಲವಕ್ಕೆ ಶೇಕಡಾ 10ರ ತೆರಿಗೆ ಭಾರ ಅನ್ನಿಸ್ತು. ವೆಸ್ಟ್ ವರ್ಜೀನಿಯಾದ ವೀಲಿಂಗ್ ನಗರದ ಕಾರಣ ಬೇರೆ. 75,000 ಡಾಲರ್ ಸಿಗೋದಿತ್ತು. ಅಲ್ಲಿನ ಕಾರ್ಮಿಕ ಸಂಘಗಳು ಹೋಮ್‌ಸ್ಟೆಡ್ ಮರೆತಿರಲಿಲ್ಲ, ಆ ದುಡ್ಡು ನಮಗೆ ಬೇಡ ಅಂತ ಪ್ರಚಾರ ಮಾಡಿದವು. 1904ರಲ್ಲಿ ಮತಕ್ಕೆ ಹಾಕಿದಾಗ ಪ್ರಸ್ತಾವ ಬಿದ್ದುಹೋಯ್ತು. ಆಮೇಲೆ ಆ ಊರು ಸ್ವಂತ ಹಣದಲ್ಲೇ ಲೈಬ್ರರಿ ಕಟ್ಟಿಕೊಂಡಿತು.

1919ರ ಆಗಸ್ಟ್ 11ರಂದು ಕಾರ್ನೆಗಿ ತೀರಿಕೊಂಡರು. ಒಟ್ಟು ಕೊಟ್ಟದ್ದು ಸುಮಾರು 350 ಮಿಲಿಯನ್ ಡಾಲರ್. ಕೊನೆಗಾಲದಲ್ಲಿ ಹಳೇ ಜೊತೆಗಾರ ಫ್ರಿಕ್‌ಗೆ ರಾಜಿ ಮಾಡಿಕೊಳ್ಳೋಣ ಅಂತ ಹೇಳಿ ಕಳಿಸಿದ್ದರಂತೆ. ನಾವಿಬ್ಬರೂ ಹೋಗೋದು ನರಕಕ್ಕೇ, ಅಲ್ಲೇ ಸಿಗ್ತೀನಿ ಅಂತ ಹೇಳು ಅಂದರಂತೆ ಫ್ರಿಕ್. ನಡೆದದ್ದೋ ಕಟ್ಟಿದ ಕಥೆಯೋ, ಹೋಮ್‌ಸ್ಟೆಡ್‌ನ ಜನರಿಗೆ ಮಾತ್ರ ಅದು ನಂಬೋ ಹಾಗೇ ಇತ್ತು.

ಹಾಗಾದ್ರೆ ಈ ಮನುಷ್ಯನನ್ನ ಹೇಗೆ ನೋಡೋದು? ದಾನಿ ಅಂತಾನಾ, ಪಾಪ ತೊಳ್ಕೊಂಡ ಸಾಹುಕಾರ ಅಂತಾನಾ? ಅವರನ್ನ ಅಳೆಯೋಕೆ ಅವರದೇ ಮೊದಲ ಪತ್ರ ಸಾಕು. ಆ ಹುಡುಗ ದಾನ ಕೇಳಿರಲಿಲ್ಲ. ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಕೇಳಿದ್ದ. ಟಸ್ಕೀಗಿಯಲ್ಲಿ, ಸಾವಿರಾರು ಸಣ್ಣ ಊರುಗಳಲ್ಲಿ ಆ ಮಾತು ಗೆದ್ದಿತು. ಹೋಮ್‌ಸ್ಟೆಡ್‌ನ ಗೇಟಿನಲ್ಲಿ, ಅಟ್ಲಾಂಟಾದ ಬಾಗಿಲಲ್ಲಿ ಸೋತಿತು.

ಕೊನೆಯದಾಗಿ ಒಂದು ಮಾತು. ಕಾರ್ನೆಗಿಗೂ ನಮಗೂ ನೇರ ಸಂಬಂಧ ಇಲ್ಲ. ಆದರೆ ಊರಿನ ಲೈಬ್ರರಿ ಊರಿನ ತೆರಿಗೆಯಿಂದಲೇ ನಡೀಬೇಕು ಅನ್ನೋ ವಿಚಾರ ನಮ್ಮಲ್ಲೂ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರವೂ ಸೇರುತ್ತೆ. ಮನೆಯಲ್ಲಿ ಕಂದಾಯದ ರಸೀದಿ ಇದ್ದರೆ ತೆಗೆದು ನೋಡಿ. ಅಂದರೆ ನಿಮ್ಮ ಏರಿಯಾದ ಲೈಬ್ರರಿ ಯಾರೋ ಕೊಟ್ಟ ದಾನ ಅಲ್ಲ, ನಿಮ್ಮದೇ. ಬಾಗಿಲು ಮುಚ್ಚಿದ್ದರೆ, ಪುಸ್ತಕ ಬರದೇ ಇದ್ದರೆ, ಕೇಳೋ ಹಕ್ಕೂ ನಿಮ್ಮದೇ. 17 ವರ್ಷದ ಹುಡುಗ ಒಂದು ಪತ್ರ ಬರೆದು ಕೇಳಿದ. ನಿಮ್ಮ ಕೈಯಲ್ಲಿ ಫೋನೇ ಇದೆ.